ಹುಣಸೆ ಗಿಡಕ್ಕೊಂದು ಜೀನು

೧೯೯೪ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆ, ಹುಣಸೆಕಾಯಿ ಹಣ್ಣಾಗುವ ಹೊತ್ತು. ಅಪ್ಪ ನರೇಗಲ್ ಸುತ್ತಿನ ಹುಣಸೆ ಗಿಡಗಳ ಫಸಲನ್ನು ಗುತ್ತಿಗೆ ಹಿಡಿಯುತ್ತಿದ್ದ. ನಮ್ಮ ಕಡೆ ಎಷ್ಟು ದೊಡ್ಡ ಮರವಿದ್ದರೂ ಅದಕ್ಕೆ ಗಿಡ ಅಂತಲೇ ಅನ್ನುವುದು. ಪ್ರತಿ ವರ್ಷ ಹಣ್ಣಿನ ಕಾಲಕ್ಕೆ ನಾನು ಸಾಲಿಯಲ್ಲಿ ಗೈರು. ಒಂದು ದಿನ ಮಾಸ್ತರು ಸೈಕಲ್ ಹತ್ತಿ ಹೊಲಕ್ಕೇ ಬಂದರು. ಗಿಡದ ಕೆಳಗೆ ನಿಂತು ತಲೆ ಎತ್ತಿ, "ಇಳಿದ ಬಾರಲೇ, ಪರೀಕ್ಷಾ ಹತ್ರ ಬಂತು" ಅಂದರು.

"ನೀವ ಏರಿ ಬರ್ರಿ ಸರ್, ಇಲ್ಲಿ ಗಾಳಿ ಚಲೋ ಐತಿ" ಅಂದೆ.

ಮಾಸ್ತರು ನಕ್ಕುಬಿಟ್ಟರು. ಅಪ್ಪ ಕೊಟ್ಟ ಹಣ್ಣಿನ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ನನ್ನ ಓದು ಅಲ್ಲಿಗೆ ಮುಗಿಯಿತು. ಅದಕ್ಕೆ ನಾನೇನೂ ಅತ್ತವನಲ್ಲ. ಅಪ್ಪನ ನಂತರ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಗಿಡ ಹಿಡಿದೆ. ಯಾವ ಹೊಲದ ಗಿಡ ಸಿಹಿ, ಯಾವುದು ಹುಳಿ, ಯಾವ ಗಿಡದ ಟೊಂಗೆ ಒಳಗೆ ಟೊಳ್ಳು ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ದುಡಿದು ತಿಂದಿದ್ದೇನೆ, ಯಾರ ಮುಂದೆಯೂ ಕೈ ಒಡ್ಡಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಹಟವಿತ್ತು. ಗಿಡ ಏರುವವನು ಹಗ್ಗ ಕಟ್ಟಿಕೊಳ್ಳಬಾರದು. ಏರುವ ಮೊದಲು ಚಪ್ಪಲಿ ಬಿಟ್ಟು, ಬುಡ ಮುಟ್ಟಿ ಹಣೆಗೆ ಹಚ್ಚಿಕೊಳ್ಳುವುದು. ಆಮೇಲೆ ಕೈ, ಕಾಲು, ಧೈರ್ಯ ಇಷ್ಟೇ. ಹಗ್ಗದಿಂದ ಕಟ್ಟಿಕೊಳ್ಳುವುದೆಂದರೆ ಮರ್ಯಾದೆ ಹೋದ ಹಾಗೆ. ನನ್ನ ಜೋಡಿದಾರ ಒಬ್ಬನಿದ್ದಾನೆ, ಹುಡುಗರಾಗಿದ್ದಾಗಿನಿಂದ ನನ್ನ ಜೊತೆಗೇ ಗಿಡ ಏರಿದವನು. ಒಮ್ಮೆ ನರಗುಂದದ ಕಡೆ ಯಾರೋ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏರಿದ್ದನ್ನು ನೋಡಿ ಅವನು, "ಅಣ್ಣಾ, ಆಡ ಕಟ್ಟಿದಂಗ ಕಟ್ಟಿಕೊಂಡೀಯಲ್ಲಪಾ, ತೊಪ್ಪಲಾ ಹಾಕ್ಲೇನು?" ಎಂದು ಕೂಗಿದ್ದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಾಲ್ಕು ವರ್ಷದ ಹಿಂದೆ ಅಸೂಟಿ ಎಂಬ ಊರಲ್ಲಿ ನಾನೇ ಗಿಡದಿಂದ ಜಾರಿದೆ. ಟೊಂಗೆ ಮುರಿಯಲಿಲ್ಲ, ಗಾಳಿ ಬೀಸಲಿಲ್ಲ, ಯಾರ ತಪ್ಪೂ ಇಲ್ಲ. ಕಾಲು ಇಟ್ಟೆ, ಕಾಲು ಅಲ್ಲಿರಲಿಲ್ಲ. ಕೆಳಗೆ ಹೊಟ್ಟಿನ ರಾಶಿ ಇದ್ದುದರಿಂದ ಉಳಿದೆ. ಹೆಗಲಿನ ಎಲುಬು ಮಾತ್ರ ಮುರಿಯಿತು. ರೋಣದ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದಾಗ ಹೆಂಡತಿ ಬಂದಳು. ಅಳಲಿಲ್ಲ. ಪಕ್ಕದಲ್ಲಿ ಕುಳಿತು, ಬಾಳೆಹಣ್ಣು ಸುಲಿದು ಕೈಗೆ ಕೊಟ್ಟು, ಮೆಲ್ಲಗೆ ಹೇಳಿದಳು.

"ಇನ್ನ ಸಾಕ್ರಿ. ನಮ್ಮ ಅಣ್ಣಂದು ನರೇಗಲ್ ಬಜಾರದಾಗ ಅಂಗಡಿ ಖಾಲಿ ಐತಿ. ಹುಣಸಿಹಣ್ಣು, ಮೆಣಸಿನಕಾಯಿ ಇಟಗೊಂಡು ಕೂಡ್ರಿ."

"ನಾ ಅಂಗಡ್ಯಾಗ ಕೂಡೂ ಮನಿಷ್ಯಾ ಏನ?"

"ಗಿಡದಾಗ ಕೂಡಾಕ ಬರತೈತಿ, ಗಾದಿ ಮ್ಯಾಲ ಕೂಡಾಕ ಬರೂದಿಲ್ಲನ? ಬೀಳಲಾರದಂಗ ಕೂಡೂ ದಾರಿ ಇದ್ರ ತೋರಸ್ರಿ. ಇಲ್ಲಾಂದ್ರ ಅಂಗಡಿ."

ಮಾತು ಅಷ್ಟಕ್ಕೇ ನಿಂತಿತು. ಅವಳು ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವವಳಲ್ಲ. ಮುಂದಿನ ಹಣ್ಣಿನ ಕಾಲಕ್ಕೆ ದಾರಿ ಸಿಗದಿದ್ದರೆ ನಾನು ಗಿಡ ಬಿಡಬೇಕು. ತಕ್ಕಡಿ ಮುಂದೆ ಕುಳಿತು ನೊಣ ಹೊಡೆಯುತ್ತಿರುವ ನನ್ನನ್ನು ನಾನೇ ಕಲ್ಪಿಸಿಕೊಂಡು ಬೆವತೆ.

ಕೈ ಕೊರಳಿಗೆ ಕಟ್ಟಿಕೊಂಡು ಮನೆಯಲ್ಲಿ ಬಿದ್ದಿದ್ದವನಿಗೆ ಮೊಬೈಲೇ ಗತಿ. ನನಗೆ ಬರೆದು ಹುಡುಕುವ ಉಸಾಬರಿ ಆಗದು. ಬಾಯಿಂದ ಹೇಳಿದರೆ ಅದೇ ಹುಡುಕುತ್ತದೆ. "ಗಿಡ ಏರೂದು, ಬೀಳಬಾರದು" ಅಂದೆ. ಮೊದಲು ತೆಂಗಿನ ಮರದವರು ಬಂದರು. ನಮಗದು ಉಪಯೋಗವಿಲ್ಲ, ತೆಂಗಿಗೆ ಟೊಂಗೆಯೇ ಇಲ್ಲ. ಆಮೇಲೆ ಯಾವುದೋ ದೇಶದ ಕಾಡು ಬಂತು. ಮೈ ತುಂಬ ಎಲೆಯ ಚಿತ್ರವಿದ್ದ ಅಂಗಿ ಹಾಕಿದ ಒಬ್ಬ ಗಡ್ಡದವನು ಮರ ಏರಿ, ಕುಂಡಿಗೆ ಅಗಲ ಪಟ್ಟಿಯೊಂದನ್ನು ಸುತ್ತಿಕೊಂಡು, ಮರದ ಕಡೆ ಮುಖ ಮಾಡಿ, ಹಿಂದಕ್ಕೆ ವಾಲಿ, ಜೋಕಾಲಿಯಲ್ಲಿ ಕುಳಿತಂತೆ ಕುಳಿತಿದ್ದ. ಎರಡೂ ಕೈ ಬಿಟ್ಟಿದ್ದ! ಒಂದು ಕೈಯಲ್ಲಿ ಚಹಾ ಕುಡಿಯುತ್ತಿದ್ದ.

ಜಿಂಕೆ ಹೊಡೆಯಲು ಕುಳಿತಿದ್ದಾನೆ ಎಂದು ಆಮೇಲೆ ತಿಳಿಯಿತು. ಅದಕ್ಕೂ ನನಗೂ ಸಂಬಂಧವಿಲ್ಲ. ನಮ್ಮಲ್ಲಿ ಚಿಗರಿ ನೋಡಲು ಮರ ಏರಬೇಕಾಗಿಲ್ಲ, ಹಿಂಡು ಕಟ್ಟಿಕೊಂಡು ತಾವೇ ಹೆಸರಿನ ಹೊಲಕ್ಕೆ ಬರುತ್ತವೆ, ಮುಟ್ಟಿದರೆ ಜೈಲು. ನನಗೆ ಬೇಕಾಗಿದ್ದು ಅವನು ಕುಳಿತಿದ್ದ ಪಟ್ಟಿ. ಅವನ ಮಾತು ಒಂದಕ್ಷರ ತಿಳಿಯಲಿಲ್ಲ. ದನಿ ಬಂದ್ ಮಾಡಿ ಕೈ ಮಾತ್ರ ನೋಡಿದೆ. ದಪ್ಪ ಹಗ್ಗವನ್ನು ತಲೆಗಿಂತ ಮೇಲೆ ಮರಕ್ಕೆ ಸುತ್ತುತ್ತಾನೆ. ಅದರ ಬಾಲಕ್ಕೆ ಸಣ್ಣ ಹಗ್ಗವನ್ನು ಮೂರು ಸುತ್ತು ಸುತ್ತಿ ಗಂಟು ಹಾಕುತ್ತಾನೆ. ಆ ಗಂಟಿಗೆ ಪಟ್ಟಿಯ ಕೊಂಡಿ. ಗಂಟನ್ನು ಕೈಯಿಂದ ದೂಡಿದರೆ ಜರುಗುತ್ತದೆ. ಮೈಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ. ಕಾಲಿಗೆ ಒಂದು ಸಣ್ಣ ಹಲಗೆ. ಇಷ್ಟೇ. ಹೆಗಲು ಕೂಡುವಷ್ಟರಲ್ಲಿ ಆ ಗಂಟು ನನ್ನ ಒಂದೇ ಕೈಗೆ ಬರುತ್ತಿತ್ತು. ಮಂಚದ ಕಾಲಿಗೆ ಕಟ್ಟಿ ಕಟ್ಟಿ ಮಂಚದ ಬಣ್ಣ ಹೋಯಿತು.

ಪಟ್ಟಿ ಹೊಲಿಯುವವರು ಯಾರು? ಗಜೇಂದ್ರಗಡ ಬಜಾರದಲ್ಲಿ ತಾಡಪತ್ರಿ ಹೊಲಿಯುವ ಒಬ್ಬ ಚಾಚಾ ಇದ್ದಾರೆ. ಅವರ ಅಜ್ಜ ಕುದುರೆಗೆ ಜೀನು ಹೊಲಿಯುತ್ತಿದ್ದವರು. ಲಾರಿಯ ಸಾಮಾನು ಬಿಗಿಯುವ ಅಗಲ ಬೆಲ್ಟು, ಹುಬ್ಬಳ್ಳಿಯಿಂದ ತಂದ ಉಕ್ಕಿನ ಕೊಂಡಿ, ಹೊಸ ಹಗ್ಗ ಎಲ್ಲಾ ಅವರ ಮುಂದೆ ಇಟ್ಟು ಮೊಬೈಲ್ ತೋರಿಸಿದೆ. ಚಾಚಾ ಕನ್ನಡಕ ಮೂಗಿನ ತುದಿಗೆ ತಂದು ಬಹಳ ಹೊತ್ತು ನೋಡಿದರು.

"ಬೇಟಾ, ಇದು ಜೀನ. ಖರೇ ಹೇಳಬೇಕಂದ್ರ ಜೀನಾನ. ಆದ್ರ ಕುದುರಿ ಎಲ್ಲಿ?"

"ಕುದುರಿ ಸವಡಿ ಊರಾಗ ನಿಂತೈತಿ ಚಾಚಾ. ನಾಕ ಮಂದಿ ತಬ್ಬಿದ್ರೂ ತೆಕ್ಕಿಗಿ ಸಿಗೂದಿಲ್ಲ."

"ಓಡೂದಿಲ್ಲಲ್ಲ?"

"ಇನ್ನೂತನಕ ಓಡಿಲ್ಲ."

"ಹಂಗಾರ ಹೊಲೀತೀನಿ" ಅಂದರು. ನನ್ನನ್ನು ನಿಲ್ಲಿಸಿ ಸೊಂಟ, ತೊಡೆ ಎಲ್ಲಾ ಅಳತೆ ತೆಗೆದರು. ಪಕ್ಕದ ಅಂಗಡಿಯವನು ಇಣುಕಿ, "ಏನ್ ಚಾಚಾ, ಲಗ್ನದ ಸೂಟ?" ಅಂದ. "ಹೌದು, ಹುಣಸಿ ಗಿಡದ ಕೂಡ ಲಗ್ನ. ನೀನೂ ಬಾ, ಅಕ್ಕಿಕಾಳ ಹಾಕ" ಅಂದರು ಚಾಚಾ. ಮೂರು ವಾರ ಓಡಾಡಿಸಿದರು. ಒಂದು ಹೊಲಿಗೆ ಸರಿ ಬರದಿದ್ದರೆ ಬಿಚ್ಚುತ್ತಿದ್ದರು. ಕೊನೆಗೆ ದಪ್ಪ ಹಗ್ಗದ ತುದಿಗೆ ಹಿಡಿಗಾತ್ರದ ಒಂದು ಗಂಟು ಹಾಕಿಕೊಟ್ಟು, "ಇದನ್ನ ಬಿಚ್ಚಬ್ಯಾಡ. ಯಾಕಂತ ಕೇಳಬ್ಯಾಡ" ಅಂದರು. ಕೇಳಲಿಲ್ಲ.

ಜೀನು ಮನೆಗೆ ಬಂತು. ನಮ್ಮಲ್ಲಿ ಒಕ್ಕಲುತನದ ಯಾವ ಸಾಮಾನು ಹೊಸದಾಗಿ ಬಂದರೂ ಹಾಗೆಯೇ ಬಳಸುವುದಿಲ್ಲ. ಅವ್ವ ಅದನ್ನು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು, ಕಾಯಿ ಒಡೆಸಿದಳು. ಆಮೇಲೆ ಹೊಸ ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಕುಳಿತಳು. ಎತ್ತಿನ ಹಗ್ಗವಿರಲಿ, ಬಾವಿಯ ಹಗ್ಗವಿರಲಿ, ಎಣ್ಣೆ ಕುಡಿಸದೆ ನಮ್ಮ ಮನೆಯಲ್ಲಿ ಯಾವ ಹಗ್ಗವೂ ಕೆಲಸಕ್ಕೆ ಹೋಗಿಲ್ಲ. ಎಣ್ಣೆ ಕುಡಿದ ಹಗ್ಗ ಮೆತ್ತಗಾಗುತ್ತದೆ, ಕೈ ಕೊಯ್ಯುವುದಿಲ್ಲ, ಬಿಸಿಲಿಗೆ ಸಿಗಿಯುವುದಿಲ್ಲ. ಮಧ್ಯಾಹ್ನವಿಡೀ ಉಜ್ಜಿದಳು. ದಪ್ಪ ಹಗ್ಗ, ಸಣ್ಣ ಹಗ್ಗ ಎರಡಕ್ಕೂ. ನಾನು ಕೈಯಲ್ಲಿ ಹಿಡಿದು ನೋಡಿದೆ. ರೇಷ್ಮೆಯ ಹಾಗಿತ್ತು.

"ಯವ್ವಾ, ಭಾಳ ಚಲೋ ಮಾಡಿದಿ ನೋಡ" ಅಂದೆ.

"ಮಗನ ಜೀವಾ ತೂಗು ಹಗ್ಗಾ. ಎಣ್ಣಿ ಕಡಿಮಿ ಮಾಡ್ಲೇನು?" ಅಂದಳು.

ಸವಡಿಯ ಗಿಡ ಇರುವುದು ಊರಿನ ಆಚೆ, ಬಾವಿಯ ಪಕ್ಕ. ಹಣ್ಣಿನ ಕಾಲ ಬಂದು ಮೊದಲ ಸಲ ಏರುವ ಬೆಳಿಗ್ಗೆ ಹೆಂಡತಿ ಬುತ್ತಿ ಕಟ್ಟಿಕೊಂಡು ತಾನೂ ಬಂದಳು. ಹಣ್ಣು ಆರಿಸುವ ಹೆಣ್ಣಾಳುಗಳು ಕೆಳಗೆ ತಾಡಪತ್ರಿ ಹಾಸಿದರು. ಜೋಡಿದಾರ ಎಲೆ ಅಡಿಕೆ ಹಾಕಿಕೊಂಡು ಆಟ ನೋಡುವವನ ಹಾಗೆ ಕಲ್ಲಿನ ಮೇಲೆ ಕುಳಿತ. "ನಾ ಇವತ್ತ ಏರೂದಿಲ್ಲ. ನಿನ್ನ ಸರ್ಕಸ್ ಮುಗೀಲಿ" ಅಂದ.

ಚಪ್ಪಲಿ ಬಿಟ್ಟೆ, ಬುಡ ಮುಟ್ಟಿದೆ. ನಿಚ್ಚಣಿಕೆ ಹಚ್ಚಿ ಎರಡಾಳು ಎತ್ತರ ಏರಿದೆ. ಏರುವಾಗ ಬೀಳದಿರಲೆಂದು ಸೊಂಟಕ್ಕೆ ಕಟ್ಟಿಕೊಂಡ ಬೇರೊಂದು ಹಗ್ಗ ಕಾಂಡವನ್ನು ತಬ್ಬಿತ್ತು. ಅದನ್ನು ಸ್ವಲ್ಪ ಸ್ವಲ್ಪವೇ ಮೇಲೆ ಎಸೆಯುತ್ತ ಹೋದೆ. ದೊಡ್ಡ ಟೊಂಗೆ ಒಡೆಯುವ ಕಡೆ ಹಲಗೆಯನ್ನು ಬೆಲ್ಟಿನಿಂದ ಬಿಗಿದೆ, ಕಾಲಿನಿಂದ ಒದ್ದು ನೋಡಿದೆ, ಅಲುಗಲಿಲ್ಲ. ತಲೆಗಿಂತ ಮೇಲೆ ದಪ್ಪ ಹಗ್ಗ ಸುತ್ತಿದೆ, ಗಂಟು ಹಾಕಿದೆ, ಕೊಂಡಿ ಸಿಕ್ಕಿಸಿದೆ. ಆಮೇಲೆ ಸೊಂಟದ ಹಗ್ಗ ಬಿಚ್ಚಿ ಮೆಲ್ಲಗೆ ಹಿಂದಕ್ಕೆ ವಾಲಿದೆ.

ಇಷ್ಟು ವರ್ಷ ಗಿಡಕ್ಕೆ ಬೆನ್ನು ಕೊಟ್ಟು, ಒಂದು ಕೈ ಟೊಂಗೆಗೆ, ಒಂದು ಕೈ ಕೆಲಸಕ್ಕೆ ಎಂದು ದುಡಿದವನು ನಾನು. ಈಗ ಎರಡೂ ಕೈ ನನ್ನವೇ. ಕೊಕ್ಕೆ ಕಟ್ಟಿದ ಉದ್ದ ಕೋಲು, ದೋಟಿ ಅನ್ನುತ್ತೇವೆ, ಅದನ್ನು ಎರಡೂ ಕೈಯಲ್ಲಿ ಹಿಡಿದು ಟೊಂಗೆಯನ್ನು ಎಳೆದು ಅಲುಗಿಸಿದರೆ ಹಣ್ಣು ಮಾತ್ರ ಉದುರಿತು. ಬರುವ ವರ್ಷದ ಚಿಗುರಿಗೆ ಒಂದು ಪೆಟ್ಟೂ ಇಲ್ಲ. ಕೆಳಗಿನ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗು ಎಳೆದುಕೊಂಡು ನಗುತ್ತ ಓಡಿದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣಿನ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಗೆದ್ದೆ ಅಂದುಕೊಂಡೆ. ಜೋಡಿದಾರನಿಗೆ, "ಒಂದ ಕಪ್ ಚಾ ಕಳಸಲೇ ಮ್ಯಾಲ" ಎಂದು ಕೂಗಿದೆ.

ಬಿಸಿಲು ಏರಿತು. ಬಿಸಿಲಿನ ಜೊತೆ ಹಗ್ಗದೊಳಗಿನ ಎಣ್ಣೆಯೂ ಏರಿತು. ಮೊದಲು ಗಂಟು ಒಂದು ಬೆರಳಿನಷ್ಟು ಜರುಗಿತು. ಹೊಸದು, ಕೂಡುತ್ತಿದೆ ಅಂದುಕೊಂಡೆ. ಆಮೇಲೆ ಒಂದು ಗೇಣು. ನಾನು ಸೊಂಟದ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ, ಬಾವಿಗೆ ಕೊಡ ಇಳಿದ ಹಾಗೆ, ಗಂಟು ಸುಯ್ ಎಂದು ಹಗ್ಗದ ತುದಿಯವರೆಗೂ ಹೋಗಿ ಚಾಚಾ ಹಾಕಿದ್ದ ಆ ದಪ್ಪ ಗಂಟಿಗೆ ಬಡಿದು ನಿಂತಿತು. ಕಾಲು ಹಲಗೆಯ ಮೇಲೆಯೇ ಇದ್ದವು. ತಲೆ ಕಾಲಿಗಿಂತ ಕೆಳಗೆ ಬಂದಿತ್ತು. ತೊಟ್ಟಿಲಲ್ಲಿ ಕೂಸು ಕಾಲೆತ್ತಿಕೊಂಡು ಮಲಗಿದಂತೆ ಸವಡಿಯ ಆಕಾಶ ನೋಡುತ್ತ ತೂಗಾಡಿದೆ. ನೋವೇನೂ ಆಗಲಿಲ್ಲ.

"ಲೇ, ನಿಚ್ಚಣಿಕಿ ತಾರಲೇ!" ಎಂದು ಚೀರಿದೆ.

"ನಿಂದ್ರ ದೋಸ್ತ, ಒಂದ ಫೋಟೋ ಹೊಡಕೋತೀನಿ" ಅಂದ ಜೋಡಿದಾರ. "ಚಾ ಅಂದೆಲ್ಲ, ಹಂಗ ಬಾಯಿ ತೆರಿ, ಕೆಳಗಿಂದ ಉಗ್ಗತೀನಿ."

ಹೆಣ್ಣಾಳುಗಳು ನಕ್ಕು ನಕ್ಕು ತಾಡಪತ್ರಿಯ ಮೇಲೇ ಕುಳಿತುಬಿಟ್ಟರು. ನಗದವಳು ಹೆಂಡತಿ ಒಬ್ಬಳೇ. ನನ್ನನ್ನು ಇಳಿಸುವವರೆಗೆ ನಿಚ್ಚಣಿಕೆಯ ಕಾಲು ಹಿಡಿದುಕೊಂಡಿದ್ದಳು. ನಾನು ನೆಲ ಮುಟ್ಟಿದ ಮೇಲೆ ಬುತ್ತಿಯ ಗಂಟನ್ನು ನನ್ನ ಕೈಗೆ ಕೊಟ್ಟು, "ಉಣ್ರಿ. ನಾ ನಮ್ಮಣ್ಣನ ಕಡೆಯಿಂದ ಅಂಗಡಿ ಕೀಲಿ ಇಸ್ಕೊಂಡ ಬರ್ತೀನಿ" ಎಂದು ಬಸ್ಸಿನ ರಸ್ತೆಗೆ ನಡೆದೇಬಿಟ್ಟಳು.

ಬುತ್ತಿಯನ್ನು ಹೆಣ್ಣಾಳುಗಳಿಗೆ ಕೊಟ್ಟುಬಿಟ್ಟೆ. ಹಗ್ಗವನ್ನು ಚೀಲಕ್ಕೆ ತುರುಕಿಕೊಂಡು ಗಜೇಂದ್ರಗಡದ ಬಸ್ ಹತ್ತಿದೆ. ಚಾಚಾರ ಮೇಲೇ ನನಗೆ ಸಿಟ್ಟು. ಅಂಗಡಿಗೆ ಹೋಗಿ ಹಗ್ಗವನ್ನು ಅವರ ಮುಂದೆ ಒಗೆದೆ. "ಏನ್ ಹೊಲದೀರಿ ಚಾಚಾ? ಊರ ಮಂದಿ ಮುಂದ ಬಾವಲಿ ಮಾಡಿದ್ರಿ ನನ್ನ!"

ಚಾಚಾ ಹಗ್ಗ ಮುಟ್ಟಿದರು. ಬೆರಳು ಮೂಸಿದರು. ಮತ್ತೆ ಮೂಸಿದರು.

"ಇದು ಹಗ್ಗೇನೋ ಬೇಟಾ, ಒಗ್ಗರಣ್ಯೋ?"

"ಎಣ್ಣಿ ಹಚ್ಚೇವಿ. ಹೊಸಾ ಹಗ್ಗಕ್ಕ ಹಚ್ಚೂದಿಲ್ಲನ ಮತ್ತ?"

ಅವರು ಹಣೆಗೆ ಕೈ ಹಚ್ಚಿಕೊಂಡು, ಹೆಗಲು ಕುಣಿಯುವಂತೆ ದನಿಯಿಲ್ಲದೆ ನಕ್ಕರು. ಆಮೇಲೆ ಎದ್ದು, ಎಣ್ಣೆ ಸೋಕದ ಹೊಸ ಹಗ್ಗದ ಎರಡು ತುಂಡು ಕತ್ತರಿಸಿ ಜೇಬಿಗೆ ಹಾಕಿಕೊಂಡರು, ಅಂಗಡಿಯ ಪರದೆ ಇಳಿಸಿದರು. "ನಡಿ ನಿಮ್ಮ ಮನಿಗೆ. ಇದು ನನ್ನ ಹೊಲಿಗಿ ಮರ್ಯಾದಿ ಪ್ರಶ್ನಿ" ಅಂದರು.

ನಾವು ನರೇಗಲ್ ಮುಟ್ಟಿದಾಗ ಸಂಜೆ ಇನ್ನೂ ಬೆಳಕಿತ್ತು. ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗಡಿಯ ಕೀಲಿ ಸೆರಗಿನ ತುದಿಗೆ ಕಟ್ಟಿಕೊಂಡಾಗಿತ್ತು. ಚಾಚಾ ಅವಳ ಕೈಗೆ ಮೊದಲು ನಮ್ಮ ಮನೆಯ ಹಗ್ಗ ಕೊಟ್ಟರು. "ಈ ಗಂಟ ಜಗ್ಗವಾ ಬೇಟಿ" ಅಂದರು. ಜಗ್ಗಿದಳು. ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಆಮೇಲೆ ಜೇಬಿನ ತುಂಡುಗಳಿಗೆ ಅದೇ ಗಂಟು ಹಾಕಿ ಕಿಟಕಿಯ ಸರಳಿಗೆ ಕಟ್ಟಿದರು. ಅವಳು ಒಂದು ಕೈಯಿಂದ ಜಗ್ಗಿದಳು, ಎರಡು ಕೈಯಿಂದ ಜಗ್ಗಿದಳು, ಗೋಡೆಗೆ ಕಾಲು ಕೊಟ್ಟು ಜಗ್ಗಿದಳು. ಗಂಟು ಕಚ್ಚಿಕೊಂಡು ಕುಳಿತಿತು.

ಅವ್ವನಿಗೆ ಎಲ್ಲಾ ತಿಳಿದು ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ನಾನೇನ ವಿಷಾ ಹಚ್ಚೇನ? ನಮ್ಮ ಹೊಲದ ಕುಸುಬಿ ಅದು, ಗಾಣದ ಎಣ್ಣಿ!"

"ಅಕ್ಕಾ, ಎಣ್ಣಿ ಭಾಳ ಚಲೋ ಐತ್ರಿ" ಅಂದರು ಚಾಚಾ. "ಅದನ್ನ ಮಿರ್ಚಿ ಕರಿಯಾಕ ಹಾಕ್ರಿ, ನಾ ಕುಂತೀನಿ." ಅವ್ವ ನಕ್ಕು ಒಳಗೆ ಹೋದಳು. ಆ ಸಂಜೆ ಖರೇನೇ ಮಿರ್ಚಿ ಕರಿದಳು.

ಹೆಂಡತಿ ಮಾತ್ರ ಇನ್ನೂ ಕಿಟಕಿಯ ಗಂಟನ್ನೇ ಜಗ್ಗುತ್ತಿದ್ದಳು. ಅಷ್ಟು ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಹೊಸಾ ಹಗ್ಗ ತರ್ರಿ. ಆದ್ರ ಮೊದಲ ನಾ ಕೂಡಾಕಿ" ಅಂದಳು.

"ನೀ? ಗಿಡದಾಗ?"

"ನಿಮ್ಮ ಜೀವಾ ಅದರ ಮ್ಯಾಲ ಬಿಡಬೇಕಂದ್ರ ಅದರ ಗುಣಾ ನನಗ ಗೊತ್ತಾಗಬೇಕು. ನೋಡಿ ನಂಬಿದ್ದು ಇವತ್ತ ಮುಂಜಾನಿ ಆತಲ್ಲ."

ಹೊಸ ಹಗ್ಗ ತಂದ ಮೇಲೆ ಮತ್ತೆ ಸವಡಿಗೆ ಹೋದೆವು. ಹೆಂಡತಿ ಸೀರೆಯ ಕಚ್ಚೆ ಬಿಗಿದಳು. ಹೆಣ್ಣಾಳುಗಳು ಸುತ್ತ ನಿಂತು ಜೀನು ತೊಡಿಸಿದರು. ನಾನು ಮೊದಲು ಏರಿ, ಎಣ್ಣೆ ಹಚ್ಚದ ಆ ಹಗ್ಗ ಕಟ್ಟಿ, ನನ್ನ ಭಾರ ಹಾಕಿ, ಕುಣಿದು ನೋಡಿ ಇಳಿದೆ. ಜೋಡಿದಾರ ನಿಚ್ಚಣಿಕೆ ಹಿಡಿದ. ಇಂದು ಅವನ ಬಾಯಲ್ಲಿ ಒಂದು ಚೇಷ್ಟೆಯೂ ಇರಲಿಲ್ಲ. "ವೈನಿ, ಮೆಲ್ಲಕ್ರಿ. ಕೆಳಗ ನೋಡಬ್ಯಾಡ್ರಿ" ಎನ್ನುತ್ತಲೇ ಇದ್ದ. ನಾನು ಅವಳ ಹಿಂದಿನಿಂದಲೇ ಏರಿದೆ. ಕೊಂಡಿ ಸಿಕ್ಕಿಸಿ, "ಈಗ ಹಿಂದಕ್ಕ ವಾಲು" ಅಂದೆ.

ವಾಲಲಿಲ್ಲ. ಕಾಂಡವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು. ಬಾಯಲ್ಲಿ ದೇವರ ಹೆಸರು. ನಾನು, "ಬ್ಯಾಡಾದ್ರ ಇಳಿ. ಅಂಗಡ್ಯಾಗ ಕೂಡ್ತೀನಿ, ಏನೂ ಅನ್ನೂದಿಲ್ಲ" ಅಂದೆ. ಮನಸ್ಸಿನಿಂದಲೇ ಅಂದೆ. ದವಾಖಾನೆಗೆ ಬಂದ ಆ ದಿನ ಅವಳಿಗೆ ಹೇಗಾಗಿದ್ದೀತೆಂದು ನನಗೆ ಆಗ ಅರ್ಥವಾಯಿತು.

ಕಣ್ಣು ಮುಚ್ಚಿಕೊಂಡೇ ಒಂದು ಕೈ ಬಿಟ್ಟಳು. ಎರಡನೆಯದನ್ನು ಬಿಟ್ಟಳು. ಹಗ್ಗ ಕರ್ ಎಂದಿತು, ಗಂಟು ಕಚ್ಚಿತು. ಮೆಲ್ಲಗೆ ಹಿಂದಕ್ಕೆ ವಾಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದಳು. ಹೊಲವೆಲ್ಲ ಕೊಯ್ಲಾಗಿ ಬಟಾಬಯಲಾಗಿತ್ತು; ದೂರದ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿದ್ದವು.

"ಅಲ್ರೀ, ಇಷ್ಟ ಕಾಣತೈತೇನು ಇಲ್ಲಿಂದ?" ಅಂದಳು. "ಒಂದ ದಿನಾರ ಹೇಳೀರೇನು ನೀವು?"

"ಕೇಳೀಯೇನು ನೀ?"

"ದೋಟಿ ಕೊಡ್ರಿ."

ಕೊಟ್ಟೆ. ಎಟುಕಿದ ಟೊಂಗೆಯನ್ನೆಲ್ಲಾ ಅಲುಗಿಸಿದಳು. ಕೆಳಗಿನವರು, "ಅಕ್ಕಾ, ಈ ಕಡೆ! ಅಕ್ಕಾ, ಆ ಗೊಂಚಲಾ!" ಎಂದು ಕೂಗತೊಡಗಿದರು. ಇಳಿ ಅಂದರೆ ಇಳಿಯಳು. "ಯಾಕ, ಗಿಡಾ ನಿಮ್ಮಪ್ಪಂದೇನು?" ಅಂದಳು. ಊಟದ ಹೊತ್ತಿಗೆ ಹಸಿವಾಯಿತೆಂದು ಇಳಿದಳು.

ಉಂಡು ಕೈ ತೊಳೆದ ಮೇಲೆ ತನ್ನ ತೀರ್ಪು ಹೇಳಿದಳು. "ಏರ್ರಿ. ಆದ್ರ ಹಗ್ಗ ದಿನಾ ನನ್ನ ಕೈಯಿಂದ ಹೋಗಬೇಕು. ನಾ ಜಗ್ಗಿ ನೋಡಲಾರದ ಗಂಟಿನ ಮ್ಯಾಲ ನೀವು ಕೂಡಬಾರದು. ಅತ್ತಿ ಎಣ್ಣಿ ಬಟ್ಟಲಾ ಅಡಗಿಮನಿ ದಾಟಬಾರದು." ಆಮೇಲೆ ಜೋಡಿದಾರನ ಕಡೆ ಬೆರಳು ಮಾಡಿ, "ಇವರೂ ಕಟಗೋಬೇಕು" ಅಂದಳು.

"ವೈನಿ, ನಾ ಆಡ ಅಲ್ರಿ!" ಅಂದ ಅವನು.

"ಆಡಿಗಿ ನಿಮಗಿಂತ ಬುದ್ಧಿ ಇರತೈತಿ" ಅಂದಳು. ಅವನು ಮುಂದಿನ ಸಂತೆಗೇ ಚಾಚಾರ ಹತ್ತಿರ ಅಳತೆ ಕೊಟ್ಟು ಬಂದ.

"ಮತ್ತ ಕೀಲಿ? ನಿಮ್ಮ ಅಣ್ಣಗ ತಿರುಗಿ ಕೊಟ್ಟ ಬಿಡು" ಅಂದೆ.

"ಇಸ್ಕೊಂಡ ಬಂದ ಕೀಲಿ ತಿರುಗಿ ಕೊಡಾಕ ನನಗ ನಾಚಿಕಿ. ಅಂಗಡಿ ನಾ ಇಡ್ತೀನಿ. ನೀವು ಉದುರಸ್ರಿ, ನಾ ಮಾರ್ತೀನಿ" ಅಂದಳು. ಅದೇ ವಾರ ಅಂಗಡಿಯ ಬಾಗಿಲು ತೆಗೆದಳು. ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಹಗ್ಗಗಳನ್ನೆಲ್ಲಾ ಒಂದೊಂದಾಗಿ ಜಗ್ಗಿ ನಮ್ಮನ್ನು ಕಳಿಸಿ, ಆಮೇಲೆ ತಾನು ಬಜಾರಕ್ಕೆ ಹೋಗುತ್ತಾಳೆ. ಅವಳು ಬೇಡ ಅಂದ ಹಗ್ಗ ಅಂದು ಮನೆಯಲ್ಲೇ ಉಳಿಯುತ್ತದೆ. ಅದರ ಬಗ್ಗೆ ವಾದವಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಜೀನು ನಾಲ್ಕು. ದಪ್ಪ ಹಗ್ಗ ಆರು, ಸಣ್ಣವು ಹನ್ನೆರಡು. ಕೊಂಡಿ ಹದಿನಾಲ್ಕು. ಹಲಗೆ ನಾಲ್ಕು, ನಿಚ್ಚಣಿಕೆ ಎರಡು, ದೋಟಿ ಐದು. ಜೊತೆಗೆ ಏರುವವರು ಮೂವರು. ಈ ವರ್ಷ ಹಿಡಿದ ಗಿಡ ಇಪ್ಪತ್ತೇಳು. ಬಜಾರದ ಅಂಗಡಿ ಒಂದಿದೆ. ಅದು ಅವಳದು, ನನ್ನ ಲೆಕ್ಕಕ್ಕೆ ಬರುವುದಿಲ್ಲ.